ತಟ್ಟೆ ಹಿಂದಿನ ಇತಿಹಾಸ – ಭಾಗ 6: ಸ್ಟೀಕ್ ಜೊತೆ ಮಾಲ್ಬೆಕ್ ಯಾಕೆ?

(1/5)
ನಮ್ಮ ಅತ್ತೆ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದ್ತಿದ್ದಾನೆ. ಮೊನ್ನೆ ವೈವಾದಲ್ಲಿ ಅವನನ್ನ ಕೇಳಿದ್ರಂತೆ, "ಸ್ಟೀಕ್ ಜೊತೆ ಯಾವ ರೆಡ್ ವೈನ್ ಕೊಡ್ತೀಯ?" ಇವನು ಧೈರ್ಯವಾಗಿ "ಮಾಲ್ಬೆಕ್, ಸರ್" ಅಂದ. "ಯಾಕೆ?" ಅಂದಾಗ ಬಾಯೇ ಬರಲಿಲ್ಲ. ನೋಟ್ಸಲ್ಲಿ ಅಷ್ಟೇ ಇತ್ತಂತೆ. ರಾತ್ರಿ ನಂಗೆ ಫೋನ್ ಮಾಡಿ ಗೋಳಾಡಿದ. ನಾನು ಬಿಕಾಂ, ವೈನ್ ಮುಟ್ಟಿದವನೂ ಅಲ್ಲ. ಆದ್ರೆ ಈ "ಯಾಕೆ" ಅನ್ನೋದು ಅರ್ಧ ಇತಿಹಾಸ, ಅರ್ಧ ವ್ಯಾಪಾರ. ಅದಕ್ಕೇ ಕೂತು ಓದಿದೆ. ಬನ್ನಿ, ಅರ್ಜೆಂಟೀನಾಕ್ಕೆ ಹೋಗೋಣ.

(2/5)
ಮೊದಲು ನಾಲಿಗೆಯ ಲೆಕ್ಕ. ಕಡಕ್ ಟೀ ಕುಡಿದಾಗ, ಅಡಿಕೆ ಅಗಿದಾಗ ಬಾಯಿ ಒಗರಾಗುತ್ತಲ್ಲ, ಅದಕ್ಕೆ ಕಾರಣ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜದಲ್ಲೂ ಅದು ಇರುತ್ತೆ. ರೆಡ್ ವೈನನ್ನ ಸಿಪ್ಪೆ ಸಮೇತ ಹುದುಗಿಸ್ತಾರೆ, ಹಾಗಾಗಿ ಒಗರು ಜಾಸ್ತಿ. ಮಾಂಸದ ಕೊಬ್ಬು, ಪ್ರೋಟೀನ್, ಉಪ್ಪು ಸೇರಿದಾಗ ಆ ಒಗರು ಮೆತ್ತಗಾಗುತ್ತೆ. ಆದ್ದರಿಂದ ಕೊಬ್ಬಿರೋ ತುಂಡಿಗೆ ಮಾಲ್ಬೆಕ್, ಕ್ಯಾಬರ್ನೆ ಸೋವಿನ್ಯೋನ್ ಥರದ ಗಟ್ಟಿ ವೈನ್. ಕೊಬ್ಬಿಲ್ಲದ ತೆಳು ತುಂಡಿಗೆ ಪಿನೋ ನುವಾರ್ ಥರದ ಹಗುರ ವೈನ್ ಸಾಕು. ಸರಿ, ಆದ್ರೆ ಗಟ್ಟಿ ವೈನ್‌ಗಳು ಬೇಕಾದಷ್ಟಿವೆ. ಅದರಲ್ಲಿ ಮಾಲ್ಬೆಕ್ಕೇ ಯಾಕೆ?

(3/5)
ಮಾಲ್ಬೆಕ್ ಹುಟ್ಟಿದ್ದು ಫ್ರಾನ್ಸಲ್ಲಿ, ಅದರಲ್ಲೂ ಕಾಓರ್ ಅನ್ನೋ ಊರು ಅದಕ್ಕೆ ಹೆಸರುವಾಸಿ. ಅರ್ಜೆಂಟೀನಾದ ಸಾರ್ಮಿಯೆಂತೊ ಅನ್ನೋ ರಾಜಕಾರಣಿಗೆ ದೇಶದ ಕೃಷಿ ಸುಧಾರಿಸೋ ಹಠ ಇತ್ತು. ಅವರ ಒತ್ತಾಯದಿಂದ 1853ರಲ್ಲಿ ಮೆಂಡೋಸಾ ಪ್ರಾಂತ್ಯದಲ್ಲಿ ಒಂದು ಕೃಷಿಶಾಲೆಯ ಯೋಜನೆ ಶುರುವಾಯ್ತು. ಮಿಶೆಲ್ ಪೂಜೆ ಅನ್ನೋ ಫ್ರೆಂಚ್ ಕೃಷಿತಜ್ಞ ಅಲ್ಲಿಗೆ ಫ್ರಾನ್ಸಿನ ಬಳ್ಳಿಗಳನ್ನ ತಂದ. ಮಾಲ್ಬೆಕ್ ಅದರಲ್ಲೊಂದು. ಮೆಂಡೋಸಾದಲ್ಲಿ ಮಳೆ ತೀರಾ ಕಡಿಮೆ. ಆಂಡಿಸ್ ಬೆಟ್ಟದ ಹಿಮ ಕರಗಿದ ನೀರೇ ಗತಿ. ಆ ನೀರನ್ನ ಕಾಲುವೆಯಲ್ಲಿ ಹರಿಸೋ ವಿದ್ಯೆ, ಸ್ಪೇನಿನವರು ಬರೋಕೆ ಮುಂಚೆಯೇ ಅಲ್ಲಿದ್ದ ಉವಾರ್ಪೆ ಜನರದ್ದು. ಲೇಬಲ್ ಮೇಲೆ ಮಾತ್ರ ಅವರ ಹೆಸರು ಕಾಣಲ್ಲ.

(4/5)
ಈಗ ಮಾಂಸ. ದನಗಳನ್ನ ತಂದಿದ್ದು ಸ್ಪೇನಿನವರು, 16ನೇ ಶತಮಾನದಲ್ಲಿ. ಪಂಪಾಸ್ ಹುಲ್ಲುಗಾವಲಲ್ಲಿ ಅವು ಕಾಡು ದನಗಳಾಗಿ ಹೆಚ್ಚಿದವು. ಬಹಳ ಕಾಲ ಚರ್ಮಕ್ಕಷ್ಟೇ ಬೆಲೆ, ಮಾಂಸ ಎಷ್ಟೋ ಸಲ ಬಯಲಲ್ಲೇ ಕೊಳೀತಿತ್ತು. 1876ರಲ್ಲಿ ಫ್ರಾನ್ಸಿನಿಂದ ಒಂದು ಶೀತಲ ಹಡಗು ಮಾಂಸ ಹೊತ್ತು ಬ್ಯೂನಸ್ ಐರಿಸ್ ತಲುಪಿತು. ಮಾಂಸ ಸಮುದ್ರ ದಾಟಬಹುದು ಅಂತ ಗೊತ್ತಾದ್ಮೇಲೆ ಹುಲ್ಲುಗಾವಲಿಗೆ ಬೆಲೆ ಬಂತು.

ಆದ್ರೆ ಆ ನೆಲ ಖಾಲಿ ಇರಲಿಲ್ಲ. ಅಲ್ಲಿ ಮಾಪುಚೆ, ರಾಂಕೆಲ್, ತೆವೆಲ್ಚೆ ಜನ ಬದುಕ್ತಿದ್ರು. 1878ರಿಂದ 1885ರ ತನಕ ಸೇನೆ ಅವರನ್ನ ಕೊಂದು, ಸೆರೆಹಿಡಿದು, ಓಡಿಸಿತು. ಆ ದಂಡಯಾತ್ರೆಗೆ ಇಟ್ಟ ಹೆಸರು "ಮರುಭೂಮಿಯ ವಿಜಯ"! ಜನ ಇದ್ದ ನೆಲಕ್ಕೆ ಮರುಭೂಮಿ ಅಂತ ಹೆಸರು. ಎಕರೆಗಟ್ಟಲೆ ಭೂಮಿ ಕೆಲವೇ ದೊಡ್ಡ ಜಮೀನ್ದಾರರ ಪಾಲಾಯ್ತು. ಮುಂದೆ ನಿಂತು ನಡೆಸಿದ ಜನರಲ್ ರೋಕಾ 1880ರಲ್ಲಿ ದೇಶದ ಅಧ್ಯಕ್ಷನೂ ಆದ. ಅವನ ಕಾಲದಲ್ಲೇ, 1885ರಲ್ಲಿ, ಬ್ಯೂನಸ್ ಐರಿಸ್‌ನಿಂದ ಮೆಂಡೋಸಾಕ್ಕೆ ರೈಲು ಬಂತು. ಇಟಲಿ, ಸ್ಪೇನಿಂದ ಬಂದ ವಲಸಿಗರು ದ್ರಾಕ್ಷಿ ತೋಟ ಮಾಡಿದ್ರು, ರೈಲು ವೈನ್ ಪೀಪಾಯಿಗಳನ್ನ ರಾಜಧಾನಿಗೆ ಸಾಗಿಸ್ತು. ಹೀಗೆ ಒಂದೇ ಮೇಜಿನ ಮೇಲೆ ಮಾಂಸ, ವೈನ್ ಎರಡೂ ಬಂದು ಕೂತವು.

(5/5)
ಅತ್ತ ತವರಲ್ಲಿ ಮಾಲ್ಬೆಕ್ ಸೋತುಹೋಯ್ತು. ಫಿಲಾಕ್ಸೆರಾ ಅನ್ನೋ ಕೀಟ 19ನೇ ಶತಮಾನದಲ್ಲಿ ಫ್ರಾನ್ಸಿನ ಬಳ್ಳಿಗಳನ್ನ ತಿಂದುಹಾಕಿತು. ಉಳಿದಿದ್ದನ್ನ 1956ರ ಫೆಬ್ರವರಿ ಹಿಮ ಕೊಂದಿತು. ಅರ್ಜೆಂಟೀನಾದಲ್ಲೂ ಕುತ್ತು ಬಂತು, ಆದ್ರೆ ಕೀಟದಿಂದಲ್ಲ, ಮಾರ್ಕೆಟ್‌ನಿಂದ. 1970ರ ಹೊತ್ತಿಗೆ ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 90 ಲೀಟರ್ ವೈನ್ ಖರ್ಚಾಗ್ತಿತ್ತು. ಆಮೇಲೆ ಕುಡಿಯೋದು ಇಳೀತು, ಬೆಲೆ ಬಿತ್ತು, ರೈತರು ಬಳ್ಳಿ ಕಿತ್ತರು. 1960ರ ದಶಕದಲ್ಲಿ 50 ಸಾವಿರ ಹೆಕ್ಟೇರಿಗೂ ಮೇಲಿದ್ದ ಮಾಲ್ಬೆಕ್ 1990ರ ಹೊತ್ತಿಗೆ ಸುಮಾರು 10 ಸಾವಿರಕ್ಕೆ ಇಳಿದಿತ್ತು. 90ರ ದಶಕದಲ್ಲಿ ಗುಣಮಟ್ಟಕ್ಕೆ ಒತ್ತು ಕೊಟ್ಟು ರಫ್ತಿಗೆ ಇಳಿದಾಗ್ಲೇ ಅದು ಉಳಿದುಕೊಂಡಿದ್ದು. ಆಗ ಜಗತ್ತಿಗೆ ಮಾರಿದ ಚಿತ್ರ: ಕೆಂಡದ ಮೇಲೆ ಮಾಂಸ, ಪಕ್ಕದಲ್ಲಿ ಮಾಲ್ಬೆಕ್. ನಮ್ಮ ಹುಡುಗನ ನೋಟ್ಸಿಗೆ ಆ ಸಾಲು ಬಂದಿದ್ದು ಇಷ್ಟು ದೂರದಿಂದ.

ಬಿಕಾಂನಲ್ಲಿ ನಮಗೆ ಮೊದಲು ಕಲಿಸಿದ್ದು, ಪ್ರತಿ ಎಂಟ್ರಿಗೂ ಎರಡು ಕಡೆ ಇರುತ್ತೆ ಅಂತ. ಈ ಜೋಡಿಗೂ ಇದೆ. ಒಂದು ಕಡೆ ಬಳ್ಳಿ ತಂದವರು, ತೋಟ ಮಾಡಿದವರು. ಇನ್ನೊಂದು ಕಡೆ ಕಾಲುವೆ ತೋಡಿದವರು, ನೆಲ ಕಳಕೊಂಡವರು. ಮೆನು ಕಾರ್ಡಲ್ಲಿ ಒಂದು ಕಡೆ ಮಾತ್ರ ಪ್ರಿಂಟ್ ಆಗಿರುತ್ತೆ.

ಇದನ್ನೆಲ್ಲ ಹೇಳಿದ್ಮೇಲೆ ಅತ್ತೆ ಮಗ ಕೇಳಿದ, "ವೈವಾದಲ್ಲಿ ಇಷ್ಟು ಹೇಳೋಕೆ ಬಿಡ್ತಾರೇನೋ?" ಬಿಡಲ್ಲ ಕಣೋ. ಒಗರಿನ ಲೆಕ್ಕ ಹೇಳಿ ಮಾರ್ಕ್ಸ್ ತಗೋ. ಉಳಿದಿದ್ದು ನೆನಪಲ್ಲಿಟ್ಕೋ.

ನಿಮ್ಮ ಮನೆ ತಟ್ಟೆಯಲ್ಲಿ "ಇದರ ಜೊತೆ ಅದೇ ಬೇಕು" ಅನ್ನೋ ಜೋಡಿ ಯಾವುದು? ಕಾಮೆಂಟಲ್ಲಿ ಹಾಕಿ, ಭಾಗ 7ಕ್ಕೆ ಅದರಲ್ಲೊಂದನ್ನ ಹುಡುಕೋಣ.

#ತಟ್ಟೆಹಿಂದಿನಇತಿಹಾಸ #ಕನ್ನಡದಲ್ಲಿಇತಿಹಾಸ