ಹುಳುವಿನ ಪಂಚಾಂಗ

ಯುರೋಪ್ ಮತ್ತು ಅಮೆರಿಕದ ಸೇಬು ಬೆಳೆಗಾರರ ಹಳೆಯ ವೈರಿ ಕಾಡ್ಲಿಂಗ್ ಪತಂಗ. ಮೊಟ್ಟೆಯೊಡೆದು ಬಂದ ಇದರ ಮರಿಹುಳು ಸುಮಾರು ಒಂದು ದಿನದೊಳಗೇ ಕಾಯಿ ಕೊರೆದು ಒಳಸೇರುತ್ತದೆ. ಆಮೇಲೆ ಸಿಂಪಡಿಸಿದ ಔಷಧಿ ಅದಕ್ಕೆ ತಟ್ಟದು. ಹಾಗಾದರೆ ಸಿಂಪಡಿಸಬೇಕಾದ್ದು ಯಾವಾಗ?

ಉತ್ತರ ಗೊತ್ತಿಲ್ಲದ ಕಾಲದಲ್ಲಿ ಬೆಳೆಗಾರರು ಕ್ಯಾಲೆಂಡರ್ ನೋಡಿ ಮತ್ತೆ ಮತ್ತೆ ಸಿಂಪಡಿಸಿದರು. 1892ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಬೇರೊಂದು ಪತಂಗದ ನಾಶಕ್ಕೆಂದು ತಯಾರಾದ ಸೀಸದ ಆರ್ಸೆನೇಟ್, 1940ರ ದಶಕದಲ್ಲಿ ಡಿಡಿಟಿ ಬರುವವರೆಗೂ ಸೇಬಿನ ತೋಟಗಳ ಮುಖ್ಯ ಅಸ್ತ್ರವಾಗಿತ್ತು. ವಾಷಿಂಗ್ಟನ್ ರಾಜ್ಯದ ಹಳೆಯ ತೋಟಗಳ ಮಣ್ಣಿನಲ್ಲಿ ಆ ಸೀಸ, ಆರ್ಸೆನಿಕ್ ಇಂದಿಗೂ ಉಳಿದಿವೆ.

ಹುಳು ಮಾತ್ರ ಕ್ಯಾಲೆಂಡರ್ ನೋಡುವುದಿಲ್ಲ. ಅದರ ಪಂಚಾಂಗಕ್ಕೆ ಎರಡೇ ಅಂಗ: ಬಿಸಿ ಮತ್ತು ಬೆಳಕು.

ಬಿಸಿಯನ್ನು ದಿನದಿನಕ್ಕೆ ಕೂಡಿಡುವ ಲೆಕ್ಕವನ್ನು 1735ರಲ್ಲೇ ಫ್ರಾನ್ಸಿನ ವಿಜ್ಞಾನಿ ರೋಮ್ಯೂರ್ ಬೆಳೆಗಳಿಗೆ ಅನ್ವಯಿಸಿದ್ದ. ಕಾಡ್ಲಿಂಗ್ ಪತಂಗದ ಬೆಳವಣಿಗೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹುತೇಕ ನಿಲ್ಲುತ್ತದೆ. ದಿನದ ಸರಾಸರಿ 18 ಡಿಗ್ರಿ ಇದ್ದರೆ ಹುಳುವಿನ ಖಾತೆಗೆ 8 ಡಿಗ್ರಿ ಜಮಾ. 24 ಇದ್ದರೆ 14.

ಬೆಳಕಿನ ಪಾತ್ರ ತಿಳಿದದ್ದು ಬಹಳ ತಡವಾಗಿ. ಹಗಲಿನ ಉದ್ದ ತಂಬಾಕು ಗಿಡ ಹೂ ಬಿಡುವುದನ್ನು ನಿಯಂತ್ರಿಸುತ್ತದೆಂದು 1920ರಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ತೋರಿಸಿದರು. 1923ರಲ್ಲಿ ಮಾರ್ಕೋವಿಚ್ ಸಸ್ಯಹೇನುಗಳಲ್ಲೂ ಇಂಥದೇ ಪ್ರಭಾವ ಕಂಡರು. ಪೀಚ್ ಹಣ್ಣು ಕೊರೆಯುವ ಪತಂಗದ ಬಗ್ಗೆ 1949ರಲ್ಲಿ ಡಿಕ್ಸನ್ ಪ್ರಕಟಿಸಿದ ಅಧ್ಯಯನ ಇನ್ನಷ್ಟು ಸ್ಪಷ್ಟ: ಹಗಲು ಕಿರಿದಾದಾಗ ಹುಳು ಸುಪ್ತಾವಸ್ಥೆಗೆ ಜಾರುತ್ತದೆ, ಆದರೆ ಆಗಿನ ಉಷ್ಣತೆಯೂ ಅದಕ್ಕೆ ಒಪ್ಪಬೇಕು. ಕಾಡ್ಲಿಂಗ್ ಮರಿಯೂ ಹಾಗೆಯೇ. ಬೇಸಿಗೆಯ ಕೊನೆಗೆ ಹಗಲು ಕುಗ್ಗಿದರೆ, ಅದು ತೊಗಟೆಯಡಿ ಗೂಡು ಕಟ್ಟಿ ಚಳಿಗಾಲ ಕಳೆಯುತ್ತದೆ.

ಈ ಪತಂಗದ ಹೆಣ್ಣು ಗಂಡನ್ನು ಕರೆಯುವ ವಾಸನೆಯ ರಾಸಾಯನಿಕವನ್ನು 1971ರಲ್ಲಿ ರೋಲೋಫ್ಸ್ ತಂಡ ಗುರುತಿಸಿತು. ಆ ವಾಸನೆಯಿಟ್ಟ ಬೋನಿಗೆ ಗಂಡು ಪತಂಗಗಳು ಬೀಳತೊಡಗಿದ ದಿನದಿಂದ ಬಿಸಿಯ ಲೆಕ್ಕ ಶುರು ಮಾಡುವ ವಿಧಾನವನ್ನು 1976ರಲ್ಲಿ ಮಿಷಿಗನ್‌ನ ರೀಡಲ್, ಕ್ರಾಫ್ಟ್ ಮತ್ತು ಹೊವಿಟ್ ಮುಂದಿಟ್ಟರು. ಅಂದಿನಿಂದ ಸುಮಾರು 140 ಡಿಗ್ರಿ ಜಮಾ ಆದಾಗ ಮೊಟ್ಟೆಗಳು ಒಡೆಯತೊಡಗುತ್ತವೆ. ತಂಪು ವಸಂತದಲ್ಲಿ ಇದಕ್ಕೆ ಹದಿನೇಳು, ಹದಿನೆಂಟು ದಿನ ಬೇಕು. ಬೆಚ್ಚಗಿದ್ದರೆ ಹತ್ತೇ ದಿನ ಸಾಕು. ಕ್ಯಾಲೆಂಡರ್ ನಂಬಿದವರು ಎಡವಿದ್ದು ಈ ಒಂದು ವಾರದ ಅಂತರದಲ್ಲೇ.

ಈಗ ಪಂಚಾಂಗದ ಒಂದು ಅಂಗ ಮಾತ್ರ ಬದಲಾಗುತ್ತಿದೆ. ಭೂಮಿ ಬಿಸಿಯಾದರೂ ಹಗಲಿನ ಉದ್ದ ಹಾಗೇ ಇದೆ. ಬಿಸಿ ಬೇಗ ಜಮಾ ಆದರೆ, ಹಗಲು ಕುಗ್ಗುವ ಮುನ್ನ ಇನ್ನೊಂದು ಪೀಳಿಗೆಗೆ ಅವಕಾಶ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ತೋಟಗಳಲ್ಲಿ ಈ ಅಪಾಯ ಹೆಚ್ಚಲಿದೆ ಎಂದು 2012ರ ಅಧ್ಯಯನವೊಂದು ಎಚ್ಚರಿಸಿದೆ. ಹೆಚ್ಚು ಪೀಳಿಗೆಯೆಂದರೆ ಹೆಚ್ಚು ಸಿಂಪಡಣೆ. ಅದರ ಬೆಲೆ ಏನೆಂಬುದನ್ನು ವಾಷಿಂಗ್ಟನ್‌ನ ಮಣ್ಣು ಆಗಲೇ ಹೇಳಿದೆ.