ಸರ್ವರ್‌ಗಳಲ್ಲಿ ಆಪರೇಟಿಂಗ್ ಸಿಸ್ಟಂನ ಸ್ವಯಂಚಾಲಿತ ಅಳವಡಿಕೆ ಮತ್ತು ದಾಖಲೆಗಳ ಸುರಕ್ಷತೆ

1. ಪೀಠಿಕೆ

ಬೆಂಗಳೂರು ನಗರದ ಐದು ನೋಂದಣಿ ಜಿಲ್ಲೆಗಳ ಪೈಕಿ ಶಿವಾಜಿನಗರವೂ ಒಂದಾಗಿದೆ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಮುಂತಾದ ಉಪನೋಂದಣಿ ಕಚೇರಿಗಳು ಇದರ ವ್ಯಾಪ್ತಿಗೆ ಒಳಪಡುತ್ತವೆ. ದಸ್ತಾವೇಜುಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಸಂರಕ್ಷಿಸುವ ‘ಕಾವೇರಿ’ ತಂತ್ರಾಂಶವು 2003ರಲ್ಲಿ ಜಾರಿಗೆ ಬಂದಿತು. 2023ರಲ್ಲಿ ‘ಕಾವೇರಿ 2.0’ ರಾಜ್ಯದಾದ್ಯಂತ ವಿಸ್ತರಣೆಯಾಯಿತು. ಇಂತಹ ಸೇವೆಗಳು ಸರ್ವರ್‌ಗಳನ್ನು ಅವಲಂಬಿಸಿವೆ. ಸರ್ವರ್ ಬದಲಾದಾಗ ಅಥವಾ ದುರಸ್ತಿಯಾದಾಗ ಆಪರೇಟಿಂಗ್ ಸಿಸ್ಟಂ ಅನ್ನು ಮರಳಿ ಅಳವಡಿಸಬೇಕಾಗಬಹುದು. ಈ ಕಾರ್ಯದ ಸ್ವರೂಪವನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಸ್ವಯಂಚಾಲಿತ ಅಳವಡಿಕೆ ಎಂದರೇನು?

ಹಲವು ಸರ್ವರ್‌ಗಳಿಗೆ ಸಿ.ಡಿ. ಬಳಸಿ ಒಂದೊಂದಾಗಿ ಅಳವಡಿಕೆ ಮಾಡಿದಲ್ಲಿ ಕಾಲ ವ್ಯಯವಾಗುವುದಲ್ಲದೆ, ಒಂದರಲ್ಲಿದ್ದ ವ್ಯವಸ್ಥೆ ಇನ್ನೊಂದರಲ್ಲಿ ಇರುವುದಿಲ್ಲ. ಆದುದರಿಂದ ಸರ್ವರ್ ಚಾಲನೆಗೊಂಡ ಕೂಡಲೇ ಜಾಲದ ಮೂಲಕ ಅಳವಡಿಕೆಯ ತಂತ್ರಾಂಶವನ್ನು ಪಡೆದು, ಮೊದಲೇ ಬರೆದಿಟ್ಟ ‘ಉತ್ತರ ಕಡತ’ದಲ್ಲಿನ ಸೂಚನೆಗಳಂತೆ ಕೆಲಸವನ್ನು ತಾನೇ ಪೂರೈಸುವ ಪದ್ಧತಿ ಬಳಕೆಯಲ್ಲಿದೆ. ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಈ ಕಡತಕ್ಕೆ ‘ಕಿಕ್‌ಸ್ಟಾರ್ಟ್’ ಎಂದೂ, ಡೆಬಿಯನ್‌ನಲ್ಲಿ ‘ಪ್ರಿಸೀಡ್’ ಎಂದೂ ಹೆಸರು.

3. ಡಿಸ್ಕ್‌ಗಳ ಭಿನ್ನತೆಯಿಂದ ಉಂಟಾಗುವ ಅಪಾಯ

ಬೇರೆ ಬೇರೆ ವರ್ಷಗಳಲ್ಲಿ ಖರೀದಿಸಿದ ಸರ್ವರ್‌ಗಳಲ್ಲಿ ಡಿಸ್ಕ್‌ಗಳ ಸಂಖ್ಯೆ, ಗಾತ್ರ ಮತ್ತು ವಿಧ ಒಂದೇ ಆಗಿರುವುದಿಲ್ಲ. ಲಿನಕ್ಸ್‌ನಲ್ಲಿ ಹಿಂದೆ ಐ.ಡಿ.ಇ. ಡಿಸ್ಕ್‌ಗೆ ‘ಎಚ್‌ಡಿಎ’ ಎಂಬಂತಹ ಹೆಸರು ದೊರೆಯುತ್ತಿತ್ತು, ಸಾಟಾ ಡಿಸ್ಕ್‌ಗೆ ‘ಎಸ್‌ಡಿಎ’ ಎಂಬಂತಹ ಹೆಸರು ದೊರೆಯುತ್ತದೆ. ಈ ಹೆಸರುಗಳು ಶಾಶ್ವತವಲ್ಲ. ಡಿಸ್ಕ್‌ಗಳನ್ನು ಗುರುತಿಸುವ ಕ್ರಮ ಬದಲಾದಲ್ಲಿ ಇಂದಿನ ‘ಎಸ್‌ಡಿಎ’ ಮುಂದಿನ ಚಾಲನೆಯಲ್ಲಿ ‘ಎಸ್‌ಡಿಬಿ’ ಆಗಬಹುದು. ಉತ್ತರ ಕಡತದಲ್ಲಿ ‘ಮೊದಲ ಡಿಸ್ಕ್ ಅಳಿಸು’ ಎಂದಷ್ಟೇ ಬರೆದಿದ್ದರೆ, ಕ್ರಯಪತ್ರ, ಅಡಮಾನ ಪತ್ರಗಳ ಪ್ರತಿಗಳಿರುವ ಡಿಸ್ಕ್ ಅಳಿಸಿಹೋಗುವ ಸಂಭವವಿದೆ. ಮನುಷ್ಯನಾದರೆ ಅನುಮಾನಿಸಿ ನಿಲ್ಲುತ್ತಾನೆ. ಯಂತ್ರವು ನಿಲ್ಲುವಂತೆ ಮೊದಲೇ ಸೂಚಿಸಿರಬೇಕು.

4. ಅನುಸರಿಸತಕ್ಕ ಕ್ರಮಗಳು

ಅ) ಅಳವಡಿಕೆಗೆ ಮುನ್ನ ಡಿಸ್ಕ್‌ಗಳ ಸಂಖ್ಯೆ ಮತ್ತು ಗಾತ್ರವನ್ನು ಪರಿಶೀಲಿಸಿ, ಅದಕ್ಕೆ ತಕ್ಕ ವಿಭಜನೆಯನ್ನು ನಿರ್ಧರಿಸುವುದು. ಕಿಕ್‌ಸ್ಟಾರ್ಟ್‌ನ ‘ಪ್ರಿ’ ಭಾಗದಲ್ಲಿ ಇದಕ್ಕೆ ಅವಕಾಶವಿದೆ.

ಆ) ಡಿಸ್ಕನ್ನು ಹೆಸರಿನಿಂದಲ್ಲದೆ ತಯಾರಕರು ನೀಡಿದ ಕ್ರಮಸಂಖ್ಯೆಯಿಂದ ಗುರುತಿಸುವುದು.

ಇ) ನಿಗದಿತ ಡಿಸ್ಕ್ ಹೊರತು ಉಳಿದವನ್ನು ಮುಟ್ಟದಂತೆ ಸೂಚಿಸುವುದು, ಸಾಧ್ಯವಿದ್ದಲ್ಲಿ ದತ್ತಾಂಶದ ಡಿಸ್ಕ್‌ಗಳ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿತಗೊಳಿಸುವುದು.

ಈ) ಹೊಂದುವ ಡಿಸ್ಕ್ ಒಂದೂ ದೊರೆಯದಿದ್ದಲ್ಲಿ ಅಥವಾ ಒಂದಕ್ಕಿಂತ ಹೆಚ್ಚು ದೊರೆತಲ್ಲಿ, ಏನನ್ನೂ ಅಳಿಸದೆ ಕಾರ್ಯವನ್ನು ನಿಲ್ಲಿಸುವುದು.

ಉ) ಪ್ರತ್ಯೇಕ ಬ್ಯಾಕಪ್ ಪ್ರತಿಯಿಂದ ದಾಖಲೆಗಳು ಮರಳಿ ದೊರೆಯುವುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು. ‘ರೇಡ್’ ವ್ಯವಸ್ಥೆಯು ಡಿಸ್ಕ್ ಕೆಟ್ಟಾಗ ನೆರವಾಗುತ್ತದೆಯೇ ಹೊರತು ಬ್ಯಾಕಪ್‌ಗೆ ಬದಲಿಯಲ್ಲ. ಒಂದರಲ್ಲಿ ಅಳಿಸಿದ್ದು ಜೋಡಿ ಡಿಸ್ಕ್‌ನಲ್ಲಿಯೂ ಅಳಿಸಿಹೋಗುತ್ತದೆ.

5. ಅರ್ಜಿದಾರರ ಗಮನಕ್ಕೆ

* ಆಪರೇಟಿಂಗ್ ಸಿಸ್ಟಂ ಬದಲಾದ ಮಾತ್ರಕ್ಕೆ ನೋಂದಾಯಿತ ದಸ್ತಾವೇಜಿನ ಸಿಂಧುತ್ವಕ್ಕೆ ಬಾಧೆ ಇರುವುದಿಲ್ಲ.

* ನೋಂದಣಿ ಅಧಿನಿಯಮ, 1908ರ 23ನೇ ಪ್ರಕರಣದ ಮೇರೆಗೆ, ಉಯಿಲನ್ನು ಹೊರತುಪಡಿಸಿ, ದಸ್ತಾವೇಜನ್ನು ಸಾಮಾನ್ಯವಾಗಿ ಬರೆದುಕೊಟ್ಟ ದಿನಾಂಕದಿಂದ 4 ತಿಂಗಳೊಳಗೆ ಹಾಜರುಪಡಿಸತಕ್ಕದ್ದು. ಸರ್ವರ್ ಸ್ಥಗಿತದ ಸಂಭವವನ್ನು ಗಮನದಲ್ಲಿಟ್ಟು ಕೊನೆಯ ದಿನದವರೆಗೆ ಕಾಯಬಾರದು. ಅನಿವಾರ್ಯ ಕಾರಣದಿಂದ ವಿಳಂಬವಾದಲ್ಲಿ, 25ನೇ ಪ್ರಕರಣದಡಿ ದಂಡ ಪಾವತಿಸಿ ಮತ್ತೆ 4 ತಿಂಗಳವರೆಗೆ ಹಾಜರುಪಡಿಸಲು ಅನುಮತಿ ಕೋರಬಹುದು.

* ಅರ್ಜಿ ಸಂಖ್ಯೆ ಮತ್ತು ಪಾವತಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಸೇವೆ ಮಧ್ಯದಲ್ಲಿ ನಿಂತಲ್ಲಿ, ಮೊದಲ ಪಾವತಿಯ ಸ್ಥಿತಿಯನ್ನು ಪರಿಶೀಲಿಸದೆ ಎರಡನೆಯ ಬಾರಿ ಹಣ ಪಾವತಿಸಬಾರದು.

* ಮೂಲ ದಸ್ತಾವೇಜು ಕಳೆದುಹೋಗಿದ್ದಲ್ಲಿ, ಸಂಬಂಧಪಟ್ಟ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಸಲ್ಲಿಸಬಹುದು.