ಕೆನಡಾ ಸುತ್ತಿ ಬಂದ ವಾರನ್ ಮೂನ್

ಅಮೆರಿಕನ್ ಫುಟ್‌ಬಾಲನ್ನು ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುತ್ತಾರೆ. ಚೆಂಡನ್ನು ಯಾರಿಗೆ ಎಸೆಯಬೇಕೆಂದು ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್, ತಂಡದ ತಲೆ ಅನ್ನಿ. ಓಡೋದಕ್ಕೆ, ಹಿಡಿಯೋದಕ್ಕೆ ಕಪ್ಪು ವರ್ಣೀಯರು ಸರಿ, ಆ ಜಾಗಕ್ಕೆ ಮಾತ್ರ ಬೇಡ ಎಂಬ ಲೆಕ್ಕಾಚಾರ ಅಲ್ಲಿ ಬಹಳ ಕಾಲ ನಡೆದಿತ್ತು.

1978ರ ಜನವರಿಯಲ್ಲಿ ವಾರನ್ ಮೂನ್ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ರೋಸ್ ಬೌಲ್ ಪಂದ್ಯ ಗೆದ್ದುಕೊಟ್ಟು ಶ್ರೇಷ್ಠ ಆಟಗಾರ ಎನಿಸಿದರು. ಆದರೂ ಆ ವರ್ಷ ಎನ್‌ಎಫ್‌ಎಲ್‌ನ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಬೇರೆ ಜಾಗದಲ್ಲಿ ಆಡು ಎಂದವರೂ ಇದ್ದರು. ಮೂನ್ ಒಪ್ಪಲಿಲ್ಲ. ನಮಗೆ ಅವರು ಇಷ್ಟವಾಗುವುದು ಇಲ್ಲೇ.

ಕೆನಡಾದ ಎಡ್ಮಂಟನ್‌ಗೆ ಹೋದರು. 1978ರಿಂದ 1982ರವರೆಗೆ ಸತತ ಐದು ಗ್ರೇ ಕಪ್ ಆ ತಂಡದ ಪಾಲಾಯಿತು. ಬೇಡವೆಂದಿದ್ದ ಎನ್‌ಎಫ್‌ಎಲ್ ತಂಡಗಳೇ ಆಮೇಲೆ ಪೈಪೋಟಿಗೆ ಬಿದ್ದವು. 1984ರಲ್ಲಿ ಹ್ಯೂಸ್ಟನ್ ಸೇರಿದ ಮೂನ್, 44ನೇ ವಯಸ್ಸಿನವರೆಗೂ ಆಡಿದರು.

2006ರಲ್ಲಿ ಅಮೆರಿಕದ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಕೆನಡಾ ಆ ಗೌರವವನ್ನು 2001ರಲ್ಲೇ ಕೊಟ್ಟಿತ್ತು.